ಓಡುವ ಪೈಥಾನ್ ಬೇರೆ, ಓದುವ ಪೈಥಾನ್ ಬೇರೆ: ಹಳೇ ಆವೃತ್ತಿಗಳನ್ನು ಕೈಬಿಟ್ಟ ನನ್ನ ಅನುಭವ

ಹೋದ ವರ್ಷ, 2025ರ ಏಪ್ರಿಲ್‌ನಲ್ಲಿ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಕೋಡನ್ನು ಓದಿ ಅದರ ರಚನೆ ಬಿಡಿಸಿಕೊಡುವ ನಮ್ಮ ಪಾರ್ಸರ್ ಲೈಬ್ರರಿಯಿಂದ ಹಳೇ ಪೈಥಾನ್‌ಗಳನ್ನು ಪೂರ್ತಿ ತೆಗೆದು ಹಾಕಿದೆವು. ಆವತ್ತಿಂದ ಇವತ್ತಿನ ತನಕ ಒಬ್ಬ ಗಿರಾಕಿಯ ಬಿಲ್ಡ್ ಕೂಡ ಇದರಿಂದ ಮುರಿದಿಲ್ಲ. ಇದು ಮೂರನೇ ಪ್ರಯತ್ನ. ಮೊದಲೆರಡೂ ನೆಲ ಕಚ್ಚಿದ್ದವು. ಹಾಗಾಗಿ ಮೂರನೆಯದಕ್ಕೆ ಕೈ ಹಾಕಿದಾಗ ನನ್ನ ಪಾರ್ಟ್‌ನರ್ ಬಾಯಿಬಿಟ್ಟೇ ಹೇಳಿದ: "ಗುರೂ, ಇದು ಆಗೋ ಕೆಲ್ಸ ಅಲ್ಲ. ಹಳೇ ಕೋಡ್ ಇರೋದ್ರಿಂದಲೇ ನಮಗೆ ಕೆಲ್ಸ ಇರೋದು. ನಮ್ಮ ಅನ್ನಕ್ಕೆ ನಾವೇ ಕಲ್ಲು ಹಾಕ್ಕೋಬೇಕಾ?" ಪರಿಚಯದ ಇನ್ನಿಬ್ಬರು ಡೆವಲಪರ್‌ಗಳೂ ಅದನ್ನೇ ಅಂದಿದ್ದರು. ಆಗಿದೆ, ನಡೆಯುತ್ತಿದೆ ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಮೈಸೂರಿನಲ್ಲಿ ಮೂರು ಜನ. ಹಳೇ ಪೈಥಾನ್ ಕೋಡನ್ನು ಹೊಸದಕ್ಕೆ ತಿರುಗಿಸಿ ಕೊಡುವುದು ಕಸುಬು. ಪಾರ್ಸರ್ ನಮ್ಮದೇ. ಕಾಮೆಂಟು, ಖಾಲಿ ಸಾಲು, ಸಾಲಿನ ಕೊನೆಯ ಸ್ಪೇಸು ಯಾವುದನ್ನೂ ಬಿಡದೆ ಮರದಲ್ಲಿ, ಅಂದರೆ ಕೋಡಿನ ರಚನೆಯನ್ನು ಕೊಂಬೆ ಕೊಂಬೆಯಾಗಿ ಇಡುವ ರೂಪದಲ್ಲಿ, ಉಳಿಸಿಕೊಳ್ಳುತ್ತದೆ. 2014ರಲ್ಲಿ, ಆಗ ಪೈಥಾನ್ ಜೊತೆಗೇ ಬರುತ್ತಿದ್ದ ಲಿಬ್2ಟು3ರ (2ರ ಕೋಡನ್ನು 3ಕ್ಕೆ ತಿರುಗಿಸುವ ಲೈಬ್ರರಿ) ಟೋಕನೈಸರ್, ಅಂದರೆ ಕೋಡನ್ನು ಟೋಕನ್ ಎಂಬ ಬಿಡಿ ತುಣುಕುಗಳಾಗಿ ಒಡೆಯುವ ಭಾಗ, ಎತ್ತಿಕೊಂಡು ಶುರುಮಾಡಿದ್ದು. ಪೈಥಾನ್ 2.7ರಿಂದ ಹಿಡಿದು ಆಯಾ ಕಾಲದ ಹೊಸದರ ತನಕ ಎಲ್ಲದರ ಮೇಲೂ ಓಡಬೇಕು, ಎಲ್ಲವನ್ನೂ ಓದಬೇಕು ಅನ್ನುವ ಹಟ ಆಗ. ಆವೃತ್ತಿಗೊಂದು ವ್ಯಾಕರಣದ ಫೈಲು, ಅವೇ ಎಂಟೋ ಒಂಬತ್ತೋ ಆಗಿದ್ದವು. ಆವೃತ್ತಿ ನೋಡಿ ದಾರಿ ಬದಲಿಸುವ ಇಫ್‌ಗಳು ಕೋಡಿನ ತುಂಬ ನೂರಾನಲವತ್ತರ ಹತ್ತಿರ.

ಮೊದಲ ಪ್ರಯತ್ನ 2020ರ ಫೆಬ್ರವರಿಯದು. ಜನವರಿ 1ಕ್ಕೆ ಪೈಥಾನ್ 2ರ ಬೆಂಬಲ ಮುಗಿದಿತ್ತು. ಇನ್ನೇನು ಅಂತ ನಮ್ಮ ಲೈಬ್ರರಿಯ 3.0 ರಿಲೀಸಿನಲ್ಲಿ ಎಲ್ಲ ಕಡೆ ಎಫ್-ಸ್ಟ್ರಿಂಗ್ (ಪಠ್ಯದ ನಡುವೆಯೇ ಬೆಲೆ ತುಂಬುವ ಹೊಸ ಬರಹ, 2.7ಕ್ಕೆ ಅರ್ಥವಾಗದು) ಬರೆದು ಹೊರಗೆ ಬಿಟ್ಟೆ. ಎರಡು ತಪ್ಪು ಮಾಡಿದ್ದೆ. ಸೆಟಪ್ ಕಾನ್ಫಿಗ್‌ನಲ್ಲಿ ಯೂನಿವರ್ಸಲ್ ವೀಲ್ ಅನ್ನುವ ಹಳೇ ಸಾಲು ಹಾಗೇ ಇತ್ತು, ಅಂದರೆ ವೀಲಿನ (ಹಂಚುವ ಪ್ಯಾಕೇಜು ಫೈಲಿನ) ಹೆಸರಿನಲ್ಲೇ ಪೈ2 ಅಂತ ಮುದ್ರೆ. ಯಾವ ಪೈಥಾನ್ ಬೇಕು ಅಂತ ಹೇಳುವ ಪೈಥಾನ್-ರಿಕ್ವೈರ್ಸ್ ಸಾಲನ್ನು ಬರೆದೇ ಇರಲಿಲ್ಲ. 2.7ರಲ್ಲಿದ್ದವರ ಪಿಪ್ (ಪ್ಯಾಕೇಜು ಇಳಿಸಿ ಹಾಕುವ ಟೂಲು) ಹೊಸದನ್ನು ಸಂತೋಷವಾಗಿ ಇಳಿಸಿಕೊಂಡಿತು, ಇಂಪೋರ್ಟ್ ಮಾಡಿದ ತಕ್ಷಣ ಸಿಂಟ್ಯಾಕ್ಸ್ ಎರರ್.

ಸಂಜೆಯೊಳಗೆ ರಿಕ್ವೈರ್ಸ್ ಸಾಲು ಸೇರಿಸಿ 3.0.1 ಬಿಟ್ಟೆ. ಮುಗಿಯಿತು ಅಂದುಕೊಂಡು ಮಲಗಿದೆ. ಬೆಳಿಗ್ಗೆ ನೋಡಿದರೆ ದೂರುಗಳು ಹಾಗೇ ಬರುತ್ತಿವೆ. ಪಿಪ್ ಏನು ಮಾಡುತ್ತಿತ್ತು ಗೊತ್ತೇ? 3.0.1 ನನಗಲ್ಲ ಅಂತ ಅದನ್ನು ಬಿಟ್ಟು, ಒಂದು ಮೆಟ್ಟಿಲು ಹಿಂದೆ ಹೋಗಿ, ರಿಕ್ವೈರ್ಸ್ ಇಲ್ಲದ ಅದೇ ಮುರುಕು 3.0ಯನ್ನೇ ಎತ್ತಿಕೊಳ್ಳುತ್ತಿತ್ತು. ಮುಂದಿನ ರಿಲೀಸು ಎಷ್ಟೇ ಚೆನ್ನಾಗಿದ್ದರೂ ಹಿಂದಿನ ಕೆಟ್ಟದ್ದು ಅಲ್ಲಿರುವ ತನಕ ಬಾವಿಗೆ ಮುಚ್ಚಳ ಇಲ್ಲ. ಕೊನೆಗೆ 3.0ಯನ್ನು ಪೈಪಿಐ ಎಂಬ ಪ್ಯಾಕೇಜು ಭಂಡಾರದಿಂದ ಅಳಿಸಿಯೇ ಹಾಕಿದೆ. ಈಗ ಯ್ಯಾಂಕ್ ಮಾಡುವ, ಅಂದರೆ ಅಳಿಸದೆಯೇ ರಿಲೀಸನ್ನು ಪಕ್ಕಕ್ಕಿಡುವ, ಸೌಲಭ್ಯ ಇದೆ, ಆದರೆ 2.7ರ ಯಂತ್ರಗಳಲ್ಲಿ ಕೂತಿರುವ ಹಳೇ ಪಿಪ್‌ಗಳಿಗೆ ಯ್ಯಾಂಕ್ ಗೊತ್ತಿಲ್ಲ. ಪಿಪ್ 9ಕ್ಕಿಂತ ಹಿಂದಿನವಕ್ಕೆ ರಿಕ್ವೈರ್ಸ್ ಸಾಲೂ ಕಾಣುವುದಿಲ್ಲ. 2017ರಲ್ಲಿ ಐಪೈಥಾನ್ (ಪೈಥಾನನ್ನು ಸಾಲು ಸಾಲಾಗಿ ಓಡಿಸಿ ನೋಡುವ ಟೂಲು) ತನ್ನ 6.0ರಲ್ಲಿ ಪೈಥಾನ್ 2 ಕೈಬಿಟ್ಟಾಗ ಆ ತಂಡ ಇದನ್ನೆಲ್ಲ ಮೊದಲೇ ಯೋಚಿಸಿ ಮಾಡಿತ್ತು. ಅದನ್ನು ಓದದೆ ಕೈ ಹಾಕಿದ್ದಕ್ಕೆ ಎರಡು ವಾರದ ಕೆಲಸ ಹೋಯಿತು.

ಅಂದಿನಿಂದ ಪ್ಯಾಕೇಜಿನಲ್ಲಿ ಮೊದಲು ಓಡುವ ಇನಿಟ್ ಫೈಲನ್ನು 2.7ಕ್ಕೂ ಅರ್ಥವಾಗುವ ಭಾಷೆಯಲ್ಲೇ ಬರೆಯುತ್ತೇನೆ. ಮೊದಲ ಆರು ಸಾಲು ಆವೃತ್ತಿ ನೋಡಿ, ಯಾವ ಹಳೇ ರಿಲೀಸು ಹಾಕಿಕೊಳ್ಳಬೇಕು ಅಂತ ನೇರವಾಗಿ ಹೇಳಿ ನಿಲ್ಲುತ್ತದೆ. ಮಿಕ್ಕ ಇಂಪೋರ್ಟುಗಳೆಲ್ಲ ಅದರ ಕೆಳಗೆ.

ಎರಡನೇ ಸಲ 2022. ಜನವರಿಯಲ್ಲಿ ಬ್ಲ್ಯಾಕ್ (ಪೈಥಾನ್ ಕೋಡನ್ನು ಒಂದೇ ಶೈಲಿಗೆ ಜೋಡಿಸುವ ಟೂಲು) ತನ್ನ 22.1.0ರಲ್ಲಿ ಪೈಥಾನ್ 2 ಕೋಡ್ ಓದುವುದನ್ನೇ ನಿಲ್ಲಿಸಿತು. ಅಷ್ಟು ದೊಡ್ಡವರೇ ಬಿಟ್ಟಮೇಲೆ ನಮಗೇನು ಅಂತ ನಾನೂ 2.7ರ ವ್ಯಾಕರಣದ ಫೈಲನ್ನೇ ಕಿತ್ತುಹಾಕಿದೆ. ವಾರದೊಳಗೆ ಬೆಂಗಳೂರಿನ ಒಬ್ಬ ಗಿರಾಕಿಯ ಮ್ಯಾನೇಜರ್ ಫೋನ್ ಮಾಡಿದರು: "ಸರ್, ನಿಮ್ಮ ಟೂಲ್ ತಗೊಂಡಿದ್ದೇ ಹಳೇ ಕೋಡ್ ಓದಕ್ಕೆ. ಅದನ್ನೇ ತೆಗೆದ್ರೆ ಹೆಂಗೆ ಸರ್?" ಅವರ ಹತ್ತಿರ ಇನ್ನೂ ನಾಲ್ಕೈದು ಲಕ್ಷ ಸಾಲು 2.7 ಕೋಡು ಬಾಕಿ ಇತ್ತು. ಸುಮಾರು ಆರು ಲಕ್ಷ ರೂಪಾಯಿಯ ಕೆಲಸ ನಾಲ್ಕು ತಿಂಗಳು ನಿಂತುಹೋಯಿತು. ನಮ್ಮಂಥ ಮೂರು ಜನರ ಅಂಗಡಿಗೆ ಅದು ಸಣ್ಣ ಪೆಟ್ಟಲ್ಲ, ಎರಡು ತಿಂಗಳ ಸಂಬಳ ಕೈಯಿಂದ ಹಾಕಿದೆ.

ಆ ಮ್ಯಾನೇಜರ್ ಜೊತೆ ಮಾತಾಡುತ್ತಲೇ ನನಗೆ ವಿಷಯ ಹೊಳೆದದ್ದು. "ನಿಮ್ಮ ಟೂಲ್ ಓಡೋದು 3.10ರ ಮೇಲೇ ಸರ್, ನಾವು ಯಾವಾಗ್ಲೋ ಲ್ಯಾಪ್‌ಟಾಪ್ ಬದಲಾಯಿಸಿದೀವಿ" ಅಂದರು. ಅವರ ಕೋಡು ಹಳೆಯದು, ಯಂತ್ರ ಹೊಸದು. ಲೈಬ್ರರಿ ಯಾವುದರ ಮೇಲೆ ಓಡುತ್ತದೆ ಅನ್ನುವುದು ಒಂದು ಪ್ರಶ್ನೆ, ಯಾವುದನ್ನು ಓದುತ್ತದೆ ಅನ್ನುವುದು ಇನ್ನೊಂದು. ಎಂಟು ವರ್ಷ ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಬರೆದುಕೊಂಡು ಬಂದಿದ್ದೆ. ಮೊದಲ ಸಲ ಓಡುವವರನ್ನು ಬೀಳಿಸಿದೆ, ಎರಡನೇ ಸಲ ಓದಿಸುವವರನ್ನು.

ಮೂರನೇ ಸಲ ಎರಡು ಪಟ್ಟಿ ಬೇರೆ ಮಾಡಿದೆ. ಓಡುವುದಕ್ಕೆ 3.9 ಮತ್ತು ಮೇಲಿನದು, ಅದರಲ್ಲಿ ರಾಜಿ ಇಲ್ಲ. ಓದುವುದರಲ್ಲಿ 3.7 ಮತ್ತು ಮೇಲಿನದ್ದು ಮುಖ್ಯ ಪ್ಯಾಕೇಜಿನಲ್ಲಿ. 2.7ರಿಂದ 3.6ರ ವರೆಗಿನ ಓದು ಬೇರೆ ಪ್ಯಾಕೇಜು. ಅದರ ವ್ಯಾಕರಣ ಹಳೆಯದು, ಓಡುವ ಕೋಡು ಹೊಸದು. ಇನ್ನು ಮುಂದೆ ಬದಲಾಗದ ಭಾಷೆ ಅದು, ಹಾಗಾಗಿ ಆ ಪ್ಯಾಕೇಜೂ ಅಲ್ಲಾಡಬೇಕಾಗಿಲ್ಲ.

ಗೆರೆಯನ್ನು 3.7ರಲ್ಲೇ ಎಳೆದದ್ದು ಯಾಕೆ ಅಂದರೆ ಅಸಿಂಕ್ ಎಂಬ ಪದ. 3.5, 3.6ರಲ್ಲಿ ಅದು ಅರ್ಧ ಕೀವರ್ಡ್ (ಕೀವರ್ಡ್ ಅಂದರೆ ಭಾಷೆಯೇ ಕಾದಿರಿಸಿಕೊಂಡ ಪದ): ಅಸಿಂಕ್ ಡೆಫ್‌ನ ಒಳಗಿದ್ದರೆ ಕೀವರ್ಡ್, ಹೊರಗಿದ್ದರೆ ಮಾಮೂಲಿ ಹೆಸರು. ಟೋಕನೈಸರ್‌ನಲ್ಲಿ ಬರೀ ಇದಕ್ಕೋಸ್ಕರ ಒಂದು ಸ್ಟ್ಯಾಕು, ಮುಂದಿನ ಟೋಕನ್ ಇಣುಕಿ ನೋಡುವ ಒಂದು ಬಫರು, ಇಂಡೆಂಟ್ ಎಣಿಸುವ ಇನ್ನೊಂದು ಲೆಕ್ಕ. 3.7ರಲ್ಲಿ ಪೂರ್ತಿ ಕೀವರ್ಡ್ ಆಯಿತು. ಸೆಲರಿ ಎಂಬ ಪೈಥಾನ್ ಲೈಬ್ರರಿಯವರು ತಮ್ಮ ಅಸಿಂಕ್ ಎಂಬ ಮಾಡ್ಯೂಲಿಗೆ ಅಸಿಂಕ್ರೊನಸ್ ಅಂತ ಹೆಸರು ಬದಲಿಸಿದ್ದು ಇದಕ್ಕೇ. ಗೆರೆ ಎಳೆದ ದಿನ ಆ ಇನ್ನೂರು ಚಿಲ್ಲರೆ ಸಾಲನ್ನು ಅಳಿಸಿದೆ. ಹಲ್ಲುನೋವು ನಿಂತ ಹಾಗಾಯಿತು.

3.7ರಿಂದ ಈಚೆಗೆ ಆವೃತ್ತಿಗೊಂದು ವ್ಯಾಕರಣ ಬೇಕಾಗಿಲ್ಲ ಅನ್ನುವುದೇ ನನ್ನ ವಿಧಾನ. ಹೊಸದು ಹಳೆಯದನ್ನು ಹೆಚ್ಚುಕಮ್ಮಿ ಪೂರ್ತಿ ನುಂಗಿಕೊಳ್ಳುತ್ತದೆ. ವಾಲ್ರಸ್ ಚಿಹ್ನೆ ಬಂತು, ಮ್ಯಾಚ್ ವಾಕ್ಯ ಬಂತು, ಟೈಪ್ ಪ್ಯಾರಾಮೀಟರ್ ಬಂತು, ಎಲ್ಲ ಸೇರ್ಪಡೆಗಳೇ. ಆದ್ದರಿಂದ ಎಲ್ಲವನ್ನೂ ಒಂದೇ ದೊಡ್ಡ ವ್ಯಾಕರಣದಲ್ಲಿ ಓದು, ಮರ ಕಟ್ಟು. ಆಮೇಲೆ ಇದು ಕೇಳಿದ ಆವೃತ್ತಿಯಲ್ಲಿ ಇತ್ತೇ ಅಂತ ಒಂದು ಕೋಷ್ಟಕ ನೋಡಿ ತಪಾಸಣೆ ಮಾಡು. ಕೋಷ್ಟಕದಲ್ಲಿ ಮೂವತ್ತು ಸಾಲೂ ಇಲ್ಲ.

"ಒಂದೇ ವ್ಯಾಕರಣದಲ್ಲಿ ಗೊಂದಲ ಆಗತ್ತೆ" ಅನ್ನುವುದೇ ಎಲ್ಲರ ತಕರಾರು. ಮ್ಯಾಚ್ ಒಂದಿಷ್ಟು ಕಾಡಿತು. ಅದು ಕೀವರ್ಡೂ ಹೌದು, ಫಂಕ್ಷನ್ ಹೆಸರೂ ಆಗಬಹುದು, ಸಾಲಿನ ಕೊನೆಯ ಕೋಲನ್ ನೋಡುವ ತನಕ ಗೊತ್ತಾಗುವುದಿಲ್ಲ. ವಿತ್ ನಂತರದ ಆವರಣವೂ ಹಾಗೇ. ಎಫ್-ಸ್ಟ್ರಿಂಗ್ ನಾನು ಹೆದರಿದಷ್ಟು ಕಷ್ಟ ಕೊಡಲಿಲ್ಲ. 3.12ರ ತನಕ ಅದು ಒಂದೇ ಟೋಕನ್, 3.12ರಿಂದ ಶುರು, ನಡು, ಕೊನೆ ಅಂತ ಬಿಡಿ ಟೋಕನ್‌ಗಳು, ಒಳಗೆ ಅದೇ ಉದ್ಧರಣ ಚಿಹ್ನೆಯನ್ನೂ ಬಳಸಬಹುದು. ಎಲ್ಲವನ್ನೂ ಹೊಸ ರೀತಿಯಲ್ಲೇ ಓದಿದೆ, ಹಳೆಯವು ಸಲೀಸಾಗಿ ಬಂದವು.

ಪೈಥಾನ್ 2 ಮಾತ್ರ ಈ ಒಟ್ಟು ಕುಟುಂಬಕ್ಕೆ ಸೇರುವುದಿಲ್ಲ. ಪ್ರಿಂಟ್ ಅಂತ ಬರೆದು, ಆವರಣದೊಳಗೆ ಎ ಇಟ್ಟು, ಆವರಣ ಮುಚ್ಚಿ, ಕಾಮಾ ಹಾಕಿ ಬಿ ಬರೆಯಿರಿ. ಎರಡರಲ್ಲಿ ಅದು ಎ ಮತ್ತು ಬಿಯನ್ನು ಮುದ್ರಿಸುವ ವಾಕ್ಯ. ಮೂರರಲ್ಲಿ ಎ ಮಾತ್ರ ಮುದ್ರಿಸಿ, ಒಂದು ಟಪಲ್ (ಬೆಲೆಗಳ ಜೋಡಿ) ಕಟ್ಟಿ ಎಸೆಯುವ ಸಾಲು. ಎರಡೂ ಕಡೆ ತಪ್ಪಿಲ್ಲದೆ ಓದಿಸಿಕೊಳ್ಳುತ್ತದೆ, ಅರ್ಥ ಮಾತ್ರ ಬೇರೆ. ಇಂಥದ್ದನ್ನು ಊಹಿಸಿ ಓದುವ ಪಾರ್ಸರ್ ಗಿರಾಕಿಯ ಕೋಡನ್ನು ಸದ್ದಿಲ್ಲದೆ ಕೆಡಿಸುತ್ತದೆ. ಅದಕ್ಕೇ ಬೇರೆ ಮನೆ. ಟ್ಯಾಬು ಸ್ಪೇಸು ಬೆರೆಸಿದ ಇಂಡೆಂಟೂ ಅಲ್ಲೇ: ಪೈಥಾನ್ 2 ಟ್ಯಾಬನ್ನು ಎಂಟರ ಲೆಕ್ಕಕ್ಕೆ ಹಿಡಿದು ಒಪ್ಪಿಕೊಳ್ಳುತ್ತಿತ್ತು, 3 ಟ್ಯಾಬ್ ಎರರ್ ಕೊಡುತ್ತದೆ. ಬೆರಕೆ ಇಂಡೆಂಟಿನ ಫೈಲನ್ನು ಬರೆದವನ ಎಡಿಟರಿನಲ್ಲಿ ಟ್ಯಾಬು ನಾಲ್ಕಿತ್ತೋ ಎಂಟಿತ್ತೋ ಪತ್ತೆ ಹಚ್ಚುವ ಒಂದು ಉಪಾಯ ಮಾಡಿದ್ದೇವೆ. ನಮ್ಮ ಕೆಲಸ ಓಡುವುದೇ ಅದರಿಂದ, ಇಲ್ಲಿ ಬರೆಯುವುದಿಲ್ಲ.

ನಡುವೆ ಟ್ರೀ-ಸಿಟರ್ ಎಂಬ ಸಿದ್ಧ ಪಾರ್ಸರ್ ಟೂಲು ಹಾಕಿ ನೋಡೋಣ ಅಂತ ಮೂರು ವಾರ ಕಳೆದೆ. ಅದರ ಪೈಥಾನ್ ವ್ಯಾಕರಣದಲ್ಲಿ ಪ್ರಿಂಟ್ ವಾಕ್ಯವೂ ಇದೆ, ಎಕ್ಸೆಕ್ ವಾಕ್ಯವೂ ಇದೆ. ಬಲು ವೇಗ. ಎಡಿಟರಿಗೆ ಒಳ್ಳೆಯದೇ, ತಪ್ಪಿದ್ದರೂ ಒಂದು ಮರ ಕೊಟ್ಟೇ ಕೊಡುತ್ತದೆ. ನಮಗೆ ತಪ್ಪಿದ್ದರೆ ನಿಲ್ಲುವುದು ಬೇಕು. ಬಿಟ್ಟೆ.

ಇನ್ನೊಂದು ಪ್ರಯೋಗ ನನಗೆ ಎಲ್ಲಕ್ಕಿಂತ ಇಷ್ಟದ್ದು. ಪೈಥಾನ್ 3ರಲ್ಲಿ ಕನ್ನಡದಲ್ಲೇ ವೇರಿಯಬಲ್ ಹೆಸರು ಇಡಬಹುದು. ನಮ್ಮ ಪಾರ್ಸರಿಗೆ "ಬೆಲೆ" ಅಂತ ಕೊಟ್ಟರೆ ಅದು ಬ ಓದಿ, ಎತ್ವ ನೋಡಿ ನಿಂತುಬಿಡುತ್ತಿತ್ತು. ಕಾರಣ ಟೋಕನೈಸರಿನ ಹಳೇ ರೆಜೆಕ್ಸ್, ಅಂದರೆ ಪದದ ಮಾದರಿ ಹೇಳುವ ಸೂತ್ರ. ಅದರಲ್ಲಿ ಹೆಸರು ಅಂದರೆ ಡಬ್ಲ್ಯೂ ಗುರುತು (ಅಕ್ಷರ, ಅಂಕಿ ಅಥವಾ ಅಂಡರ್‌ಸ್ಕೋರ್), ಅದಕ್ಕೆ ನಮ್ಮ ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಯಾವುದೂ ಅಕ್ಷರವಲ್ಲ. ಪೈಥಾನ್ 3ರ ಸ್ಟ್ರಿಂಗಿಗೆ ಇದು ಹೆಸರಾಗುತ್ತದೆಯೇ ಅಂತ ಕೇಳುವ ಮೆಥಡ್ ಇದೆ, 2ರಲ್ಲಿ ಇರಲಿಲ್ಲ. ಎರಡರ ಮೇಲೂ ಓಡಬೇಕಾಗಿದ್ದರಿಂದ ಅದನ್ನು ಮುಟ್ಟುವ ಹಾಗಿರಲಿಲ್ಲ. ಓಡುವ ಪಟ್ಟಿಯಿಂದ 2.7 ಹೋದ ಮಧ್ಯಾಹ್ನವೇ ಆ ಸಾಲು ಬದಲಿಸಿದೆ. "ಬೆಲೆ", "ತೆರಿಗೆ", "ಒಟ್ಟು_ಮೊತ್ತ" ಎಲ್ಲ ಒಂದೊಂದೇ ಟೋಕನ್ ಆಗಿ ಬಂದವು. "ಬ್ಯಾಂಕ್‌ಸಾಲ" ಮಾತ್ರ ಬರಲಿಲ್ಲ. ಕ್ ಮತ್ತು ಸಾ ನಡುವೆ ಕೂಡಿಸದಿರಲು ಹಾಕುವ ಕಾಣದ ಗುರುತನ್ನು ಪೈಥಾನೇ ಒಪ್ಪುವುದಿಲ್ಲ. ಈ ನಾಲ್ಕೂ ಈಗ ನಮ್ಮ ಟೆಸ್ಟಿನಲ್ಲಿವೆ.

ಯಾರು ಇನ್ನೂ ಹಳೆಯದರ ಮೇಲಿದ್ದಾರೆ ಅಂತ ತಿಳಿಯಲು ಡೌನ್‌ಲೋಡ್ ಅಂಕಿ ನಂಬಬೇಡಿ. ನಮ್ಮದರಲ್ಲಿ 2.7 ಐದರಲ್ಲಿ ಒಂದು ಪಾಲು ತೋರಿಸುತ್ತಿತ್ತು. ಗಿರಾಕಿಗಳಿಗೆಲ್ಲ ಒಬ್ಬೊಬ್ಬರಾಗಿ ಮೇಲ್ ಬರೆದು ಕೇಳಿದಾಗ, ಒಂದು ಕಡೆ ಯಾರೂ ನೋಡದ ಬಿಲ್ಡ್ ಯಂತ್ರವೊಂದು, ಯಾರಾದರೂ ಕೋಡು ಸೇರಿಸಿದಾಗಲೆಲ್ಲ, ಹೊಸದಾಗಿ ಇಳಿಸಿಕೊಳ್ಳುತ್ತಿದ್ದದ್ದು ಗೊತ್ತಾಯಿತು. ಅದನ್ನು ನಿಲ್ಲಿಸಿದ ತಿಂಗಳು ಅಂಕಿ ನೂರಕ್ಕೆ ಎರಡಕ್ಕಿಂತ ಕೆಳಗೆ ಬಂತು. ಇನ್ನೊಬ್ಬರು "ನಮ್ಮ ಸರ್ವರ್ ರೆಡ್ ಹ್ಯಾಟ್ ಲಿನಕ್ಸ್ 8, ಅದರಲ್ಲಿರೋದೇ 3.6" ಅಂದರು. ಅದು ಸಿಸ್ಟಮಿನ ಸ್ವಂತ ಪೈಥಾನ್, ಅದನ್ನು ಮುಟ್ಟಬೇಕಾಗಿಲ್ಲ, ಪಕ್ಕದಲ್ಲೇ 3.11 ಹಾಕಿಕೊಳ್ಳಬಹುದು ಅಂತ ತೋರಿಸಿಕೊಟ್ಟೆ. ಅರ್ಧ ಗಂಟೆಯ ಕೆಲಸ.

ಒಬ್ಬರು ಮಾತ್ರ ಓಡುವುದೂ 2.7ರಲ್ಲೇ ಆಗಬೇಕು ಅಂದರು. ಮೊದಲಾಗಿದ್ದರೆ ಆಯಿತು ಅನ್ನುತ್ತಿದ್ದೆ, 2020ರಿಂದ ಎರಡು ವರ್ಷ ಬಿಟ್ಟಿಯಾಗಿ ಮಾಡಿಯೂ ಇದ್ದೆ. ಈ ಸಲ ಹಳೇ ಬ್ರ್ಯಾಂಚ್ ನೋಡಿಕೊಳ್ಳಲು ವರ್ಷಕ್ಕೆ ಎರಡೂವರೆ ಲಕ್ಷ ಅಂತ ಬರೆದು ಕಳಿಸಿದೆ. ಒಂದು ವರ್ಷ ಕೊಟ್ಟರು. ಎರಡನೇ ವರ್ಷದ ಬಿಲ್ ನೋಡಿ, ಅವರೇ ಆ ಯಂತ್ರ ಬದಲಿಸಿದರು. ಬೆಲೆ ಇಟ್ಟಮೇಲೆಯೇ ನಿಜವಾದ ಅಗತ್ಯ ಯಾರಿಗಿದೆ ಅಂತ ಗೊತ್ತಾಗುವುದು.

ರಿಲೀಸಿಗೆ ಮುಂಚೆ ಪರೀಕ್ಷೆ ಒಂದೇ: ಓದು, ತಿರುಗಿ ಬರೆ, ಒಂದು ಬೈಟೂ ವ್ಯತ್ಯಾಸ ಇರಬಾರದು. 2.7ರ ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಹಳೇ ಪ್ಯಾಕೇಜಿಗೆ, 3.7ರಿಂದ 3.13ರ ವರೆಗಿನವನ್ನು ಹೊಸದಕ್ಕೆ ಕೊಟ್ಟೆ. ಜೊತೆಗೆ ಗಿರಾಕಿಗಳು ಒಪ್ಪಿ ಕೊಟ್ಟ ಇಪ್ಪತ್ತು ಲಕ್ಷ ಸಾಲು. ಮೊದಲ ಸುತ್ತಿನಲ್ಲಿ ಹದಿನೇಳು ಫೈಲು ಬಿದ್ದವು. ಅದರಲ್ಲಿ ಹನ್ನೊಂದು ಫೈಲು, ಸಾಲಿನ ಕೊನೆಯಲ್ಲಿ ಬ್ಯಾಕ್‌ಸ್ಲ್ಯಾಶ್ ಇಟ್ಟು ಫೈಲೇ ಮುಗಿದಂಥವು. ಸಣ್ಣದು, ಆದರೆ ಅದಕ್ಕೇ ನಾಲ್ಕು ದಿನ ಹಿಡಿಯಿತು.

ನೆನಪಿನಿಂದ ಹೇಳುವುದಾದರೆ ಕೋಡು ಹನ್ನೊಂದು ಸಾವಿರ ಸಾಲಿಂದ ಏಳು ಸಾವಿರಕ್ಕೆ ಇಳಿದಿದೆ. ಇಫ್‌ಗಳು ಒಂಬತ್ತು ಉಳಿದಿವೆ. ನಲವತ್ತು ನಿಮಿಷದ ಟೆಸ್ಟು ಹನ್ನೊಂದಕ್ಕೆ ಬಂದಿದೆ. ಓದುವ ವೇಗ ಐದನೇ ಒಂದು ಭಾಗ ಹೆಚ್ಚಿದೆ, ಅದಕ್ಕೆಂದು ನಾನು ಏನನ್ನೂ ಮಾಡಿರಲಿಲ್ಲ. ಇಷ್ಟು ಅಚ್ಚುಕಟ್ಟಾದ ಪಾರ್ಸರ್ ನಮ್ಮ ಅಳತೆಯ ಅಂಗಡಿಯಲ್ಲಿ ಇನ್ನೊಂದಿದೆ ಅಂತ ನನಗನ್ನಿಸುವುದಿಲ್ಲ.

ಪೈಥಾನ್ ತಂಡ ಒಂದು ಆವೃತ್ತಿಯ ಬೆಂಬಲ ನಿಲ್ಲಿಸಿದ ಆರು ತಿಂಗಳಿಗೆ ನಾವೂ ಅದರ ಮೇಲೆ ಓಡುವುದನ್ನು ನಿಲ್ಲಿಸುತ್ತೇವೆ ಅಂತ ರೀಡ್‌ಮಿಯಲ್ಲೇ ಬರೆದಿಟ್ಟಿದ್ದೇವೆ. 3.9ರದ್ದು 2025ರ ಅಕ್ಟೋಬರ್‌ಗೆ ಮುಗಿಯಿತು, ನಮ್ಮ ಸರದಿ ಈ ಏಪ್ರಿಲ್. ಆ ವಾರ ನಾನು ತಂಗಿ ಮಗಳ ಮದುವೆಗೆ ಊರಿಗೆ ಹೋಗಿದ್ದೆ. ಪಾರ್ಟ್‌ನರ್ ಒಬ್ಬನೇ ಕೂತು ರಿಕ್ವೈರ್ಸ್ ಸಾಲು ತಿದ್ದಿ, ಎರಡು ಇಫ್ ಕಿತ್ತು, ಟೆಸ್ಟ್ ಓಡಿಸಿ, ಊಟದ ಹೊತ್ತಿಗೆ ರಿಲೀಸ್ ಮಾಡಿದ. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತಿದ್ದಾಗ ಅವನ ಮೆಸೇಜ್ ಬಂತು: "ಆಯ್ತು ಗುರು. ಮುಂದಿನ್ದು 3.10, ಅದನ್ನೂ ನಾನೇ ಮಾಡ್ತೀನಿ."