700ರ ಮೆಣಸು, ಅಡವಿಟ್ಟ ಎರಡೆಳೆ ಸರ

2016ರಲ್ಲಿ ಕಾಳುಮೆಣಸಿನ ರೇಟು ಕಿಲೋಗೆ 700 ರೂಪಾಯಿಯ ಆಸುಪಾಸಿನಲ್ಲಿತ್ತು. ಆ 700 ನೋಡಿಯೇ ನಾವು ಬ್ಯಾಂಕಿನ ಮೆಟ್ಟಿಲು ಹತ್ತಿದ್ದು. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ರಸ್ತೆ ಹಿಡಿದು ಒಳಗೆ ತಿರುಗಬೇಕಾದ ಊರು. ಎರಡೂವರೆ ಎಕರೆ ಅಡಿಕೆ ತೋಟ, ಮರಗಳಿಗೆ ಹಬ್ಬಿಸಿದ ಪಣಿಯೂರು ತಳಿಯ ಮೆಣಸಿನ ಬಳ್ಳಿ, ವರ್ಷಕ್ಕೆ ಆರು ಕ್ವಿಂಟಲ್ ಒಣಮೆಣಸು. ಕೆರೆ ಹೂಳೆತ್ತಿಸಿ, ಡ್ರಿಪ್ ಹಾಕಿಸಿ, ಅಡಿಕೆ ಸುಲಿಯುವ ಯಂತ್ರ ತಂದೆವು. ವರ್ಷಕ್ಕೆ ಒಂದೂವರೆ ಲಕ್ಷದ ಕಂತು. "ಎರಡು ಕ್ವಿಂಟಲ್ ಚಿಲ್ಲರೆ ಮೆಣಸು ಮಾರಿದ್ರೆ ಕಂತು ಮುಗೀತು" ಅಂದರು ನಮ್ಮನೆಯವರು. ನಾನೂ ತಲೆಯಾಡಿಸಿದ್ದೆ, ಈಗ ಅವರೊಬ್ಬರ ಮೇಲೆ ಹಾಕಿದರೆ ತಪ್ಪಾಗುತ್ತದೆ.

2018ರ ಸುಗ್ಗಿಗೆ ರೇಟು 400ರ ಕೆಳಗಿಳಿಯಿತು. ಆ ವರ್ಷದ ಮಳೆ ಮಲೆನಾಡಿನವರಿಗೆ ಹೇಳಬೇಕಿಲ್ಲ. ಆಗಸ್ಟಿನಲ್ಲಿ ತೋಟದಲ್ಲಿ ನೀರು ನಿಂತು, ಸೊರಗು ರೋಗಕ್ಕೆ ಬಳ್ಳಿಗಳು ಸಾಲುಸಾಲಾಗಿ ಎಲೆ ಉದುರಿಸಿ ಕಡ್ಡಿಯಾದವು. ಮರುವರ್ಷ ಸಿಕ್ಕಿದ್ದು ನಾಲ್ಕೇ ಕ್ವಿಂಟಲ್, ರೇಟು 330. ಅದೇ ಕಂತು ಈಗ ನಾಲ್ಕೂವರೆ ಕ್ವಿಂಟಲ್ ಕೇಳುತ್ತಿತ್ತು. ಇದ್ದಬದ್ದದ್ದೆಲ್ಲ ಮಾರಿದರೂ ಅರ್ಧ ಕ್ವಿಂಟಲ್ ಸಾಲದು. ನನ್ನ ಎರಡೆಳೆ ಸರ ಬ್ಯಾಂಕಿಗೆ ಹೋಯಿತು.

ಸರ ಕೊಟ್ಟು ಬಂದ ದಿನ ಸಂಜೆ ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಮಾವ ಕವಳ ಹಾಕುತ್ತಾ ಅಂದರು, "ಸರ್ಕಾರವೇ ಬಂಗಾರ ಅಡವಿಟ್ಟಿತ್ತು ಮಾರಾಯ್ತಿ, ನಿಂದೆಂತ ದೊಡ್ಡದು?" 1991ರ ಮಾತು. ಪೆಟ್ರೋಲಿಯಂ ಕೊಳ್ಳಲೂ ಡಾಲರ್ ಇಲ್ಲದ ಆ ವರ್ಷ ಜುಲೈನಲ್ಲಿ ರೂಪಾಯಿಯ ಬೆಲೆಯನ್ನು ಎರಡು ಸಲ ಇಳಿಸಿದರು, ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಹೊರದೇಶಕ್ಕೆ ಅಡವು ಹೋಯಿತು. ನನಗೆ ಆಗ ನಗು ಬಂತು. ಆದರೆ ರಾತ್ರಿ ಮಲಗಿದ ಮೇಲೆ ಅದೇ ಮಾತು ತಲೆಯಲ್ಲಿ ತಿರುಗತೊಡಗಿತು. ದೇಶಕ್ಕೂ ನಮ್ಮ ಮನೆಗೂ ಆದದ್ದು ಒಂದೇ: ಬರುವ ದುಡ್ಡು ಏರಿಳಿಯುತ್ತದೆ, ಕೊಡಬೇಕಾದ ದುಡ್ಡು ಅಲ್ಲಾಡುವುದಿಲ್ಲ.

ರೇಟು ಇಳಿಸಿದ್ದು ಯಾರು ಅಂತ ಮಂಡಿಯಲ್ಲಿ ಕೇಳಿದ್ದೆ. ವ್ಯಾಪಾರಿ ಉತ್ತರ ಕೊಡುವ ಮೊದಲು ನಮ್ಮ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದರು, ಅಂಗೈಯಲ್ಲಿ ಹರಡಿ ಊದಿದರು. ಜೊಳ್ಳು ಹಾರಿತು. ಎರಡು ಕಾಳು ಹಲ್ಲಿಗಿಟ್ಟು ಕಟ್ ಅನ್ನುತ್ತದೋ ನೋಡಿದರು. ಆಮೇಲೆ ಲೀಟರ್ ಅಳತೆಗೆ ತುಂಬಿ, ತಟ್ಟದೆ, ಮೇಲೆ ಕೋಲೆಳೆದು ತೂಗಿದರು: 540 ಗ್ರಾಂ. "550 ಬೇಕಿತ್ತಮ್ಮ" ಅಂದು ಕಿಲೋಗೆ ಐದು ರೂಪಾಯಿ ಹಿಡಿದರು. "ಮತ್ತೆ ರೇಟು? ಕೊಚ್ಚಿ ಪೇಟೆಯಲ್ಲೇ ಬಿದ್ದಿದೆ. ವಿಯೆಟ್ನಾಂ ಮಾಲು."

ವಿಯೆಟ್ನಾಂ ಅಂದರೆ ನನಗೆ ಶಾಲೆಯಲ್ಲಿ ಓದಿದ ಯುದ್ಧ ಮಾತ್ರ ಗೊತ್ತಿತ್ತು. ಮಗಳ ಮೊಬೈಲಿನಲ್ಲಿ ಹುಡುಕುತ್ತಾ ಕೂತೆ. ನಾವು ಅಡಿಕೆ ಮರಕ್ಕೋ ಸಿಲ್ವರ್ ಮರಕ್ಕೋ ಹಬ್ಬಿಸಿ, ಸಿಕ್ಕಿದಷ್ಟು ಕೊಯ್ಯುತ್ತೇವೆ. ಅವರು ಬಯಲಿನಲ್ಲಿ ಕಂಬ ನೆಟ್ಟು, ಮೆಣಸೊಂದನ್ನೇ ಬೆಳೆಯುತ್ತಾರೆ; ಎಕರೆವಾರು ಇಳುವರಿಯಲ್ಲಿ ನಾವು ಹತ್ತಿರಕ್ಕೂ ಹೋಗುವುದಿಲ್ಲ. ಈ ಶತಮಾನದ ಆರಂಭದಲ್ಲೇ ನಮ್ಮನ್ನು ಹಿಂದೆ ಹಾಕಿದರು. ನಮ್ಮ ಮೆಣಸಿನ ಬಹುಪಾಲನ್ನು ನಮ್ಮ ದೇಶವೇ ತಿನ್ನುತ್ತದೆ, ಅವರದು ಹೆಚ್ಚುಕಡಿಮೆ ಎಲ್ಲವೂ ಹಡಗು ಹತ್ತುತ್ತದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದನ್ನು ನಾವು ಈಗಲೂ ಭಾಷಣದಲ್ಲಿ ಹೇಳಿಕೊಂಡು ತಿರುಗುತ್ತೇವೆ, ಇರಲಿ.

ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಅದರಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ವಿಯೆಟ್ನಾಂ ಸೇರಿದ ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್ ಜೊತೆಗಿನ ಒಪ್ಪಂದ 2010ರಲ್ಲಿ. ವಿಯೆಟ್ನಾಂ ಮೆಣಸೇ ಲಂಕೆಯ ಕಾಗದ ಹೊತ್ತು ಬರುತ್ತದೆ ಅನ್ನುವುದು ನಮ್ಮ ಬೆಳೆಗಾರರ ಹಳೆಯ ದೂರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿತು. ನಾವೆಲ್ಲ ಖುಷಿಪಟ್ಟೆವು. ಆದರೂ ನಮ್ಮ ಚೀಲಕ್ಕೆ ಸಿಕ್ಕಿದ್ದು 330! ಕಾನೂನು ಕಟ್ಟಿದ್ದು ಬಂದರಿನ ಬಿಲ್ಲಿನ ಬೆಲೆಯನ್ನು, ತೀರ್ಥಹಳ್ಳಿಯ ಮಂಡಿಯ ಬೆಲೆಯನ್ನಲ್ಲ ಅನ್ನುವುದು ನನಗೆ ಅರ್ಥವಾಗಲು ಒಂದು ಸುಗ್ಗಿ ಬೇಕಾಯಿತು.

ಹಾಗಂತ ಬಾಗಿಲು ಪೂರ್ತಿ ಹಾಕಿಬಿಡಲಿ ಅನ್ನುವವಳಲ್ಲ ನಾನು. ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ನಮ್ಮ ದೇಶದಲ್ಲಿ ಹುಟ್ಟುವುದೇ ಇಲ್ಲ. ಕೆನಡಾ, ರಷ್ಯಾ, ಬೆಲಾರಸ್ ಕಡೆಯಿಂದ ಬರಬೇಕು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಚೀಲ 1,700 ರೂಪಾಯಿ ಆಗಿತ್ತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತಿನ (ತಾಮ್ರದ ಸಲ್ಫೇಟ್) ಬೆಲೆಯೂ ತಾಮ್ರದ ಪೇಟೆಯ ಜೊತೆಗೇ ಏರುತ್ತದೆ. ಮೆಣಸಿಗೆ ಬಾಗಿಲು ಹಾಕಿ ಅಂತ ಕೂಗುವ ಬಾಯಿಯೇ ಪೊಟ್ಯಾಷ್ ಬರಲಿ ಅನ್ನುತ್ತದೆ.

ಆಮೇಲೆ ನಾನು ಮಾಡಿದ್ದು ಹೆಚ್ಚಿನದೇನಲ್ಲ. ಮಗಳ ಹಳೆ ನೋಟ್‌ಬುಕ್ಕಿನಲ್ಲಿ ಹಿಂದಿನ ಐದು ವರ್ಷದ ರೇಟು ಬರೆದು, ಅತಿ ಕಡಿಮೆಯದಕ್ಕೆ ಗೆರೆ ಎಳೆದೆ. ಮನೆಯ ಎಲ್ಲ ಲೆಕ್ಕವೂ ಆ ರೇಟಿನಲ್ಲೇ. ಕಂತನ್ನು ಮೆಣಸಿನಿಂದ ಬಿಡಿಸಿ ಅಡಿಕೆಗೆ ಹಾಕಿದೆವು, ಅವಧಿಯನ್ನೂ ಎರಡು ವರ್ಷ ಹೆಚ್ಚು ಮಾಡಿಸಿಕೊಂಡೆವು. ಬಡ್ಡಿ ಜಾಸ್ತಿ ಹೋಯಿತು, ನಿದ್ದೆ ಬಂತು.

ಮೆಣಸನ್ನು ಮೂರು ಪಾಲು ಮಾಡಿದೆ. ಕೊಯ್ಲಿನ ಕೂಲಿಗೆ ಒಂದು ಪಾಲನ್ನು ಏಪ್ರಿಲ್‌ನಲ್ಲೇ ಮಾರುವುದು. ವಿಯೆಟ್ನಾಂ ಕೊಯ್ಲೂ ಅದೇ ಹೊತ್ತಿಗೆ ಪೇಟೆಗೆ ಬರುವುದರಿಂದ ಆಗ ರೇಟಿನ ಆಸೆ ಇಟ್ಟುಕೊಳ್ಳುವುದಿಲ್ಲ. ಇನ್ನೊಂದು ಪಾಲು ದೀಪಾವಳಿಯ ಮುಂಚೆ. ಮೂರನೆಯದನ್ನು ಮುಟ್ಟುವುದಿಲ್ಲ.

ಮುಟ್ಟದೆ ಇಡುವುದೂ ಒಂದು ವಿದ್ಯೆ. ಮೊದಲ ವರ್ಷ ಮೋಡದ ಬಿಸಿಲಿಗೆ ನಾಲ್ಕು ದಿನ ಒಣಗಿಸಿ ಕಟ್ಟಿಟ್ಟಿದ್ದೆ. ಆಷಾಢದಲ್ಲಿ ಬಾಯಿ ಬಿಚ್ಚಿದರೆ ಚೀಲದ ತುಂಬ ಬಿಳಿ ಬೂಷ್ಟು, ಹಳೆ ಚಾಪೆಯ ವಾಸನೆ. ಈಗ ಕಾಳು ಬಿಡಿಸಿದ ಮೇಲೆ ಬಿದಿರು ಬುಟ್ಟಿಯಲ್ಲಿ ಹಾಕಿ, ಕುದಿಯುವ ನೀರಿಗೆ ಒಂದು ನಿಮಿಷ ಅದ್ದಿ ತೆಗೆಯುತ್ತೇನೆ. ಬಣ್ಣ ಒಂದೇ ಸಮ ಕಪ್ಪಾಗುತ್ತದೆ, ಬೇಗ ಒಣಗುತ್ತದೆ. ಹಲ್ಲಿಗೆ ಕಟ್ ಅನ್ನಬೇಕು. ಮೆತ್ತಗಾದರೆ ಇನ್ನೊಂದು ಬಿಸಿಲು. ಒಳಗೆ ಪ್ಲಾಸ್ಟಿಕ್, ಹೊರಗೆ ಗೋಣಿ, ಒಲೆಯ ಮೇಲಿನ ಅಟ್ಟದಲ್ಲಿ ಹಲಗೆ ಹಾಕಿ ಇಡುತ್ತೇನೆ. ಚೀಲದ ಮೇಲೆ ಇಸವಿ. ಅತ್ತೆ ಅದಕ್ಕೆ "ನಿನ್ನ ರಿಸರ್ವ್ ಬ್ಯಾಂಕು" ಅನ್ನುತ್ತಾರೆ.

2022ರ ಏಪ್ರಿಲ್‌ನಲ್ಲಿ ಶ್ರೀಲಂಕಾ ಹೊರದೇಶದ ಸಾಲ ತೀರಿಸಲಾಗದು ಅಂತ ಕೈಯೆತ್ತಿತು. ಟಿ.ವಿ.ಯಲ್ಲಿ ಪೆಟ್ರೋಲಿಗೆ ಸಾಲುನಿಂತ ಜನರನ್ನು ತೋರಿಸುತ್ತಿದ್ದರು. ಅಲ್ಲಿಯೂ ಟೀ, ಬಟ್ಟೆ, ಪ್ರವಾಸಿಗರ ಹಣ ನಂಬಿ ಡಾಲರ್ ಸಾಲ ಬೆಳೆದಿತ್ತು. ಕೊರೊನಾಕ್ಕೆ ಪ್ರವಾಸಿಗರು ನಿಂತರು, ಸಾಲ ನಿಲ್ಲಲಿಲ್ಲ. ಹಿಂದಿನ ವರ್ಷ ಒಮ್ಮೆಗೇ ರಾಸಾಯನಿಕ ಗೊಬ್ಬರ ನಿಷೇಧಿಸಿ ಬೆಳೆಯನ್ನೂ ಕಳೆದುಕೊಂಡಿದ್ದರು. ಅಷ್ಟು ದಿನ ಲಂಕೆ ಅಂದರೆ ನಮ್ಮ ರೇಟು ಕೆಡಿಸುವವರು ಅಂತಲೇ ಬೈದಿದ್ದೆ. ಆ ದಿನ ಬೈಯಲು ಬಾಯಿ ಬರಲಿಲ್ಲ.

ಸರವನ್ನು 2021ರಲ್ಲಿ ಬಿಡಿಸಿಕೊಂಡೆವು, ಅದೂ ಅಡಿಕೆ ದುಡ್ಡಿನಲ್ಲಿ. ಆ ಸಲ ಅಡಿಕೆ ಯಾರೂ ಎಣಿಸದಷ್ಟು ಏರಿತ್ತು. ಅದರ ಲಾಭ ನನ್ನ ಜಾಣತನದ್ದಲ್ಲ.

2024ರ ಜೂನಿನಲ್ಲಿ ಮೆಣಸು ಮತ್ತೆ 700ರ ಹತ್ತಿರ ಬಂತು. ವಿಯೆಟ್ನಾಂನಲ್ಲಿ ರೇಟು ಬಿದ್ದ ವರ್ಷಗಳಲ್ಲಿ ಎಷ್ಟೋ ಜನ ಬಳ್ಳಿ ಕಿತ್ತು ಕಾಫಿ, ಡುರಿಯನ್ ಹಾಕಿದ್ದರು. ಅಟ್ಟದಿಂದ 2021ರ, 2022ರ ಚೀಲ ಇಳಿಸಿ ಕೊಟ್ಟೆ. ಲೀಟರ್ ತೂಕ 560 ಬಂತು, ವ್ಯಾಪಾರಿ ಏನೂ ಹಿಡಿಯಲಿಲ್ಲ.

ಮನೆಗೆ ಬರುವಾಗ ನಮ್ಮನೆಯವರು ಬೈಕಿನ ಮೇಲೇ ತಿರುಗಿ, "ಈ ರೇಟು ನಿಂತ್ರೆ ಮೇಲೊಂದು ಮಹಡಿ ಎಬ್ಬಿಸ್ಬಹುದು, ಅಲ್ದಾ?" ಅಂದರು. ರಾತ್ರಿ ಊಟವಾದ ಮೇಲೆ ನೋಟ್‌ಬುಕ್ ತೆಗೆದು, 330ರ ಲೆಕ್ಕದಲ್ಲಿ ಮಹಡಿಗೆ ಎಷ್ಟು ಕ್ವಿಂಟಲ್ ಬೇಕು ಅಂತ ಬರೆದು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆ ಮಳೆಗಾಲಕ್ಕೆ ಒಡೆದ ಹಂಚಷ್ಟೇ ಬದಲಿಸಿದೆವು.