ಕೆಸರುಗುಂಡಿಗೆ ಹಲಗೆ ಇಟ್ಟದ್ದು: ನನ್ನ ಅನುಭವ

ಕಡಲಸಿಂಹದ ಮರಿ ಏಣಿ ಹತ್ತುವುದಿಲ್ಲ ಎಂದು ನಮ್ಮ ತಂಡದ ಹಿರಿಯರೊಬ್ಬರು, ಕೆಸರುಗುಂಡಿಗೆ ಬಿದ್ದ ಮರಿ ಹತ್ತಿ ಬರಲು ಹಲಗೆ ಇಡುವ ನನ್ನ ಯೋಚನೆಯನ್ನು ತಳ್ಳಿಹಾಕಿದ್ದರು. ಹತ್ತಿತು. ಅದಕ್ಕೇ ಬರೆಯುತ್ತಿದ್ದೇನೆ.

ನ್ಯೂಜಿಲೆಂಡಿನ ದಕ್ಷಿಣಕ್ಕಿರುವ ಎಂಡರ್ಬಿ ದ್ವೀಪದ ಕೆಸರುಗುಂಡಿಗಳು ಅಲ್ಲಿ ದುಡಿದವರಿಗೆಲ್ಲ ಗೊತ್ತು. ತಾಯಿ ಮೇವಿಗೆ ಕಡಲಿಗಿಳಿದಾಗ ಮರಿ ಗುಂಡಿಗೆ ಬಿದ್ದರೆ ಮುಳುಗಿಯೋ ಹಸಿದೋ ಸಾಯುತ್ತದೆ. ಎಂಡರ್ಬಿಯೂ ಸೇರಿದ ಆಕ್ಲೆಂಡ್ ದ್ವೀಪಗಳಲ್ಲಿ 1998ರ ಸುಮಾರಿಗೆ ವರ್ಷಕ್ಕೆ 3,000ದಷ್ಟು ಹುಟ್ಟುತ್ತಿದ್ದ ಮರಿಗಳು 2009ಕ್ಕೆ 1,500ಕ್ಕೆ ಇಳಿದಿದ್ದವು. ತಾಯಿ ಹೆರುವುದು ಒಂದೇ ಮರಿ, ಅದೂ ಪ್ರತಿ ವರ್ಷವಲ್ಲ. ಹಾಗಿರುವಾಗ ಗುಂಡಿಯಲ್ಲಿ ಒಂದು ಮರಿ ಸತ್ತರೂ ನನಗೆ ನಿದ್ದೆ ಬರುವುದಿಲ್ಲ.

ಮೊದಲು ಬರೀ ಹಲಗೆ ಇಟ್ಟೆ. ಮಳೆಗೆ ನೆನೆದು, ಮರಿ ಅರ್ಧ ಏರಿ ಜಾರಿತು. ಮೇಲೆ ಕೋಳಿ ಜಾಲರಿ ಹೊಡೆದೆ. ತಂತಿಯ ತುದಿ ಮರಿಯ ಈಜುಗಾಲನ್ನು ಗೀರಿತು. ಅಂದು ಸಂಜೆಯೇ ಕಿತ್ತೆಸೆದೆ. ಹೀಗೆ ನನ್ನ ಕೈಯಿಂದಲೇ 400 ಡಾಲರ್‌ ಹೋಗಿರಬೇಕು. ಮರಕ್ಕಿಂತ ಸಾಗಣೆಯೇ ದುಬಾರಿ. ಬೀಜ, ಮಣ್ಣು ಏನೂ ದ್ವೀಪಕ್ಕೆ ಹೋಗದಂತೆ ಪ್ರತಿ ಹಲಗೆಯನ್ನೂ ಉಜ್ಜಿ ತೊಳೆದೇ ದೋಣಿಗೇರಿಸಬೇಕು.

ಕೊನೆಗೆ ನೆನಪಾದದ್ದು ನಮ್ಮೂರ ಮನೆಯ ಕೋಳಿಗೂಡಿನ ಹಲಗೆ. ಅಡ್ಡಪಟ್ಟಿಗಳನ್ನು ಗೇಣಿಗಿಂತ ಹತ್ತಿರ ಹೊಡೆದು, ಮೊಳೆಯ ತುದಿ ಮೇಲೆ ಕಾಣದಂತೆ ಮಡಿಸಿದೆ. ಮೇಲ್ತುದಿ ಅಲ್ಲಾಡದಂತೆ ಹೇಗೆ ಕಟ್ಟಿದೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮೂರನೆಯ ಬೆಳಿಗ್ಗೆ ಹುಲ್ಲಿನಲ್ಲಿ ಮಲಗಿ ನೋಡುತ್ತಿದ್ದೆ. ಕಿವಿಯವರೆಗೂ ಕೆಸರಾಗಿದ್ದ ಮರಿ ಗಲ್ಲವನ್ನು ಪಟ್ಟಿಗೆ ಊರಿ, ಎದೆ ಎಳೆದುಕೊಂಡು, ನಿಂತು ಉಸಿರುಬಿಟ್ಟು ಮತ್ತೆ ಎಳೆದುಕೊಂಡಿತು. ಮೇಲೆ ಬಂದದ್ದೇ ಕುರಿಮರಿಯಂತೆ ಕೂಗಿತು. ನನ್ನ ಕಣ್ಣು ತುಂಬಿತ್ತು.

ನಡುವೆ ಎರಡು ಗುಂಡಿಗಳನ್ನು ಮುಚ್ಚಿಯೂ ನೋಡಿದೆ. ಪಕ್ಕದ ಮಣ್ಣು ಕುಸಿದು ಹೊಸದೊಂದು ಬಾಯಿ ತೆರೆಯಿತು; ಆ ಕೆಲಸಕ್ಕೆ ಕೈಹಾಕಬೇಡಿ. ಕ್ಯಾಮೆರಾ ಇಟ್ಟಾಗ ಇನ್ನೊಂದು ವಿಷಯ ತಿಳಿಯಿತು: ಸುಮ್ಮನೆ ಆಟಕ್ಕಾಗಿಯೇ ಹಲಗೆ ಹತ್ತಿ ಇಳಿಯುವ ಮರಿಗಳಿವೆ.

ಆ ಬೇಸಿಗೆಯಲ್ಲಿ ಹಲಗೆ ಇಟ್ಟ ಹತ್ತು ಹನ್ನೆರಡು ಗುಂಡಿಗಳಲ್ಲಿ ಒಂದು ಮರಿಯೂ ಸಾಯಲಿಲ್ಲ. ಇದನ್ನು ಎದೆತಟ್ಟಿ ಹೇಳುತ್ತೇನೆ. ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ ಸಾಯುವ ಮರಿಗಳು ಬೇರೆ. ಅದಕ್ಕೆ ಹಲಗೆ ಮದ್ದಲ್ಲ. ಮುಂದೆ ಕ್ಯಾಂಬೆಲ್ ದ್ವೀಪಕ್ಕೆ ಹೊರಡಬೇಕು. ಅಲ್ಲಿಗೆಂದು ಇನ್ನಷ್ಟು ಉದ್ದದ ಹಲಗೆಗಳನ್ನು ಕೊಯ್ಯಿಸಿಟ್ಟಿದ್ದೇನೆ, ಪಟ್ಟಿ ಹೊಡೆಯುವುದು ಬಾಕಿ.