ಅರ್ಜಿಗೆ ವಿಳಾಸ ಬರೆಯುವ ಮೊದಲು

ಸಾಗರ ತಾಲ್ಲೂಕಿನ ಹಿನ್ನೀರಿನ ಕಡೆಯ ಊರು ನಮ್ಮದು. ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ. ಆಗ ಶುರುವಾದ ಅರ್ಜಿ ಬರೆಯುವ ಕೆಲಸ ಇವತ್ತಿಗೂ ನಿಂತಿಲ್ಲ. ಪಹಣಿ ತಿದ್ದುಪಡಿ, ಪಿಂಚಣಿ, ಕಾಲುಸಂಕ, ಮೊಬೈಲ್ ಟವರ್, ಮಂಗನ ಕಾಯಿಲೆ ಔಷಧಿ, ಏನೇ ಇದ್ದರೂ ಜನ ಬೆಳಿಗ್ಗೆ ತಿಂಡಿ ಹೊತ್ತಿಗೇ ಜಗಲಿಗೆ ಬಂದು ಕೂರುತ್ತಾರೆ.

ಮೊದಲೆರಡು ವರ್ಷ ನಾನು ಬಹುತೇಕ ಎಲ್ಲ ಅರ್ಜಿಗಳನ್ನೂ ಒಂದೇ ಕಚೇರಿಗೆ ಬರೆದೆ. ಸರ್ಕಾರ ಅಂದರೆ ಒಂದೇ, ಎಲ್ಲಿ ಕೊಟ್ಟರೂ ತಲುಪಬೇಕಾದಲ್ಲಿಗೆ ತಲುಪುತ್ತದೆ ಅಂತ ನಂಬಿದ್ದೆ. ನಮ್ಮ ಕೇರಿಗೆ ಟವರ್ ಬೇಕು ಅಂತ ಮೂರು ಸಲ ಅರ್ಜಿ ಕೊಟ್ಟು ಎಂಟು ತಿಂಗಳು ಕಾದೆವು. ಕೊನೆಗೆ ಅಲ್ಲಿದ್ದ ಒಬ್ಬರು, "ಅಮ್ಮಾ, ಟೆಲಿಫೋನು ನಮ್ಮ ಕೈಲಿಲ್ಲ, ಅದು ಕೇಂದ್ರದ್ದು" ಅಂದರು. ಆ ಎಂಟು ತಿಂಗಳಲ್ಲಿ ಒಂದು ಹೆರಿಗೆಯ ರಾತ್ರಿ, ಜೀಪಿಗೆ ಫೋನ್ ಮಾಡಲು ಹುಡುಗರು ಗುಡ್ಡ ಹತ್ತಿದ್ದರು. ಅದು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ.

ಶಿವಮೊಗ್ಗಕ್ಕೆ ಹೋದಾಗ ಸಂವಿಧಾನದ ಕನ್ನಡ ಪ್ರತಿ ತಂದೆ. ಮೊದಲು ಓದಿದ್ದು ಹಿಂದೆ ಇರುವ ಏಳನೇ ಅನುಸೂಚಿ. ಅಲ್ಲಿ ಮೂರು ಪಟ್ಟಿ ಇದೆ. ಕೇಂದ್ರದ್ದು, ರಾಜ್ಯದ್ದು, ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿ. ಸಂವಿಧಾನ ಬಂದಾಗ ಅವುಗಳಲ್ಲಿ 97, 66, 47 ವಿಷಯಗಳಿದ್ದವು. ಪಟ್ಟಿಯಲ್ಲಿಲ್ಲದ ವಿಷಯ ಬಂದರೆ ಅದು ಕೇಂದ್ರಕ್ಕೆ. ಸಮವರ್ತಿ ವಿಷಯದಲ್ಲಿ ಎರಡು ಕಾನೂನು ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಕೇಂದ್ರದ್ದೇ ನಿಲ್ಲುತ್ತದೆ. ಇಷ್ಟು ತಿಳಿಯಲು ಒಂದು ರಾತ್ರಿ ಸಾಕಾಯಿತು. ಅದನ್ನು ನಮ್ಮೂರಿಗೆ ಹೊಂದಿಸಿಕೊಳ್ಳಲು ವರ್ಷಗಳೇ ಬೇಕಾದವು.

ಉದಾಹರಣೆಗೆ ಅಡಿಕೆ. ಒಬ್ಬ ಬೆಳೆಗಾರರು ಎಲೆಚುಕ್ಕಿ ರೋಗ, ಬಿದ್ದ ರೇಟು, ಹೊರದೇಶದ ಅಡಿಕೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ತಂದಿದ್ದರು. ಅದನ್ನು ನಾನು ಎರಡು ಮಾಡಿದೆ. ಕೃಷಿ ರಾಜ್ಯದ ವಿಷಯ, ಹಾಗಾಗಿ ರೋಗ ಮತ್ತು ಔಷಧಿಯ ಮಾತು ತೋಟಗಾರಿಕೆ ಇಲಾಖೆಗೆ. ಆಮದು ಕೇಂದ್ರದ ವಿಷಯ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ದೆಹಲಿ. ಆ ಮಾತನ್ನು ಬೆಂಗಳೂರಿಗೆ ಬರೆದರೆ ಅವರೂ ದೆಹಲಿಗೆ ಪತ್ರ ಬರೆಯಬೇಕು, ಅಷ್ಟೇ. ಅದಕ್ಕೆ ನಾವು ಸಂಸದರ ಮೂಲಕ ನೇರವಾಗಿ ಕೇಂದ್ರ ವಾಣಿಜ್ಯ ಸಚಿವಾಲಯಕ್ಕೆ ಬರೆದೆವು.

ಭದ್ರಾವತಿಯವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಒಂದೇ ಊರಲ್ಲಿ ಎರಡು ಕಾರ್ಖಾನೆ. ಕಬ್ಬಿಣದ ಕಾರ್ಖಾನೆ ಮೈಸೂರು ಸಂಸ್ಥಾನದ ಕೂಸು, ಆದರೆ 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. ಕಾಗದದ ಕಾರ್ಖಾನೆ ರಾಜ್ಯದ ಬಳಿಯೇ ಉಳಿಯಿತು. ಒಂದಕ್ಕೆ ದೆಹಲಿಯಲ್ಲಿ ಹೋರಾಡಬೇಕು, ಇನ್ನೊಂದಕ್ಕೆ ಬೆಂಗಳೂರಿನಲ್ಲಿ. ನಮ್ಮ ಸಿಗಂದೂರು ದಾರಿಯೂ ಹಾಗೇ. ಅಂಬಾರಗೋಡ್ಲು ದಡದಲ್ಲಿ ವರ್ಷಗಟ್ಟಲೆ ಕಾದು ಹತ್ತಿದ ಲಾಂಚ್ ರಾಜ್ಯದ ಒಳನಾಡು ಜಲಸಾರಿಗೆಯದ್ದು. 2025ರ ಜುಲೈನಲ್ಲಿ ತೆರೆದ ಸೇತುವೆ ಕೇಂದ್ರದ ಹೆದ್ದಾರಿ ಇಲಾಖೆಯದ್ದು.

ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಜಾಸ್ತಿ ಇದೆ. ತಹಶೀಲ್ದಾರರ ಮೇಲೆ ಡಿಸಿ ಇರುವ ಹಾಗೆ, ರಾಜ್ಯದ ಮೇಲೆ ಕೇಂದ್ರ ಇದೆ ಅಂದುಕೊಳ್ಳುತ್ತಾರೆ. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ, "ಸುಮ್ನೆ ಪ್ರಧಾನಿಗೇ ಬರೆದುಬಿಡಿ" ಅನ್ನುತ್ತಾರೆ. ಜಮೀನು ರಾಜ್ಯದ ಪಟ್ಟಿಯಲ್ಲಿದೆ. ಆ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿರುವುದು ಸಂವಿಧಾನವೇ, ದೆಹಲಿಯಲ್ಲ. ಅಲ್ಲಿಗೆ ಬರೆದ ಪತ್ರ ರಾಜ್ಯಕ್ಕೆ ಬರುತ್ತದೆ, ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ. ಕೊನೆಗೆ ಅದೇ ಮೇಜಿನ ಮೇಲೆ ಬಂದು ಕೂರುತ್ತದೆ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಮಲೆನಾಡಿನಲ್ಲಿ ನಿಜವಾಗಿ ಕಷ್ಟ ಕೊಡುವುದು ಮೂರನೇ ಪಟ್ಟಿ. ಅದರಲ್ಲೂ ಕಾಡು.

ಐದು ವರ್ಷದ ಹಿಂದೆ ಒಬ್ಬ ಅಜ್ಜಿ ಬಂದರು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನೆಲ್ಲ ಸುತ್ತಿ, ಮೇಲೆ ಬಾಳೆನಾರು ಕಟ್ಟಿದ್ದರು. ವಿದ್ಯುತ್ತಿಗಾಗಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಅವರ ಮಾವನ ಮನೆ, ಗದ್ದೆ ಎಲ್ಲಾ ಮುಳುಗಿತ್ತು. ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅದಕ್ಕೂ ಮೊದಲೇ ಲಾರಿಯಲ್ಲಿ ತಂದು ಇಳಿಸಿದ ಜಾಗದಲ್ಲಿ ಇವತ್ತಿಗೂ ಇದ್ದಾರೆ. ಮನೆ ಇದೆ, ಬಾವಿ ಇದೆ, ಫಸಲು ಕೊಡುವ ತೋಟ ಇದೆ. ಪಹಣಿಯ 9ನೇ ಕಲಂ ನೋಡಿದೆ. ಮಾಲೀಕರ ಹೆಸರಿರಬೇಕಾದ ಜಾಗದಲ್ಲಿ "ಸರ್ಕಾರಿ ಅರಣ್ಯ" ಅಂತಿತ್ತು. ನಾಡಿಗೆಲ್ಲ ಬೆಳಕು ಕೊಡಲು ಊರು ಬಿಟ್ಟವರ ಹೆಸರು ಎಲ್ಲೂ ಇರಲಿಲ್ಲ.

ಅಂದಿನ ರಾಜ್ಯ ಸರ್ಕಾರವೇ ಕೊಟ್ಟ ಜಾಗ, ಇಂದಿನ ರಾಜ್ಯ ಸರ್ಕಾರ ಯಾಕೆ ಬರೆದುಕೊಡಬಾರದು ಅಂತ ಅಜ್ಜಿ ಕೇಳಿದರು. ಉತ್ತರ ಎರಡು ಇಸವಿಯಲ್ಲಿದೆ. ಆಗ ಅರಣ್ಯ ರಾಜ್ಯದ ಪಟ್ಟಿಯಲ್ಲಿತ್ತು. ಕಾಗದವನ್ನು ಸರಿಯಾಗಿ ಮುಗಿಸಿದ್ದರೆ ಬೆಂಗಳೂರಿನಲ್ಲೇ ಮುಗಿಯುತ್ತಿತ್ತು. 1976ರ 42ನೇ ತಿದ್ದುಪಡಿ ಅರಣ್ಯವನ್ನು, ಶಿಕ್ಷಣವನ್ನೂ ಸೇರಿಸಿ, ಸಮವರ್ತಿ ಪಟ್ಟಿಗೆ ತಂದಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ಕೇಂದ್ರದ ಒಪ್ಪಿಗೆ ಇಲ್ಲದೆ ರಾಜ್ಯ ಮೀಸಲು ಅರಣ್ಯವನ್ನು ಬಿಡಿಸಿಕೊಡುವಂತಿಲ್ಲ.

ಈ ಕಾಯ್ದೆಯ ಬಗ್ಗೆ ನನಗೆ ಸಿಟ್ಟಿಲ್ಲ. ನಮ್ಮ ಕಾನುಗಳು ಇಷ್ಟಾದರೂ ಉಳಿದಿರುವುದರಲ್ಲಿ ಅದರ ಪಾಲು ದೊಡ್ಡದು. ಆದರೆ ಮುಳುಗಡೆಯವರು ಕಾಡು ಕಡಿದು ಒತ್ತುವರಿ ಮಾಡಿದವರಲ್ಲ. ಸರ್ಕಾರವೇ ಕರೆತಂದು ಇಳಿಸಿದವರು. ಇಪ್ಪತ್ತು ವರ್ಷ ಆದಮೇಲೆ ಬಂದ ಕಾನೂನನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ ಅಲ್ವಾ?

ಕಾಡಿನಲ್ಲಿ ವಾಸವಿರುವವರಿಗೆ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ ಅಂತ ಕೇಳುತ್ತಾರೆ. ಅದು ಸಂಸತ್ತು ಮಾಡಿದ ಕಾನೂನು. ನಡೆಸುವವರು ರಾಜ್ಯದ ಅಧಿಕಾರಿಗಳು. ಅರ್ಜಿ ಹಾಕಬೇಕಾದ್ದು ಗ್ರಾಮಸಭೆಗೆ, ಅಂದರೆ ಮೂರು ಹಂತವೂ ಒಂದೇ ಕಾಗದದಲ್ಲಿ ಸೇರಿವೆ. ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲೇ ವಾಸವಿದ್ದು ಅದನ್ನೇ ನಂಬಿದ್ದರು ಅಂತ ತೋರಿಸಬೇಕು. ಅಂದರೆ 1930ರಿಂದ. ಅಜ್ಜಿಯ ಮನೆಯವರು ಈ ಜಾಗಕ್ಕೆ ಬಂದಿದ್ದೇ ಅದಾಗಿ ಸುಮಾರು ಮೂವತ್ತು ವರ್ಷಕ್ಕೆ. ಬಗರ್ ಹುಕುಂ, ಅಂದರೆ ಅನುಮತಿ ಇಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಅಂತ ಹಾಕುವ ನಮೂನೆ 50, 53, 57ರ ಅರ್ಜಿಗಳ ವಿಷಯ ಬೇರೆ. ಅದು ರಾಜ್ಯದ ಭೂಕಂದಾಯ ಕಾಯ್ದೆ, ಗಡುವು ಮುಗಿದರೂ ವಿಧಾನಸಭೆ ಮನಸ್ಸು ಮಾಡಿದರೆ ಮತ್ತೆ ಅವಕಾಶ ಕೊಡಬಹುದು. 75 ವರ್ಷವನ್ನು ಮಾತ್ರ ವಿಧಾನಸಭೆ ತಾನೊಂದೇ ನಿಂತು ಒಂದು ದಿನವೂ ಇಳಿಸುವಂತಿಲ್ಲ.

ಹಾಗಾಗಿ ಅಜ್ಜಿಗೆ ಮೂರು ಕಾಗದ ಮಾಡಿದೆ. ಒಂದು ಡಿಸಿಗೆ. ಅರಣ್ಯ ಬಿಡಿಸಿಕೊಡಿ ಅಂತ ಕೇಳುವ ಪ್ರಸ್ತಾವನೆ ರಾಜ್ಯದಿಂದಲೇ ಹೊರಡಬೇಕು, ನಾವು ದೆಹಲಿಗೆ ನೇರ ಬರೆದರೆ ಪ್ರಯೋಜನವಿಲ್ಲ. ಪುನರ್ವಸತಿಯ ಹಳೇ ಆದೇಶ, ಮುಳುಗಿದ ಸರ್ವೆ ನಂಬರು, ಈಗಿನ ಸರ್ವೆ ನಂಬರು ಮೂರನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದೆ. ಎರಡನೆಯದು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ. 75 ವರ್ಷದ ತೊಡಕು ಗೊತ್ತಿದ್ದೂ ಹಾಕಿಸಿದೆ. ಮುಳುಗಿದ ಊರಿನ ವಾಸವನ್ನೂ ಲೆಕ್ಕಕ್ಕೆ ಹಿಡಿಯಿರಿ ಅಂತ ಕೇಳಿ, ಅಜ್ಜಿಯ ಮನೆಯವರಲ್ಲದ ಇಬ್ಬರು ಹಿರಿಯರ ಹೇಳಿಕೆ ಬರೆಸಿದೆ. ಅಂಥ ಹೇಳಿಕೆಯನ್ನೂ ನಿಯಮ ಸಾಕ್ಷಿಯಾಗಿ ಒಪ್ಪುತ್ತದೆ. ತಿರಸ್ಕಾರವಾದರೆ 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಬಹುದು. ಮೂರನೆಯದು ಸಂಸದರಿಗೆ. ಅದರಲ್ಲಿ ಒಂದೇ ಬೇಡಿಕೆ: ಸರ್ಕಾರಿ ಯೋಜನೆಗೆ ಊರು ಬಿಟ್ಟವರಿಗೆ ಈ 75 ವರ್ಷದ ಷರತ್ತು ಬೇಡ ಅಂತ ಸಂಸತ್ತಿನಲ್ಲಿ ತಿದ್ದುಪಡಿ ಕೇಳಿ.

ವಿಷಯ ಯಾರಿಗೆ ಸೇರಿದ್ದು ಅಂತ ಗೊತ್ತಾಗದಿದ್ದಾಗ ನಾನು ಮೊದಲು ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳುತ್ತೇನೆ, ಈ ಕಡತ ಈಗ ಯಾರ ಬಳಿ ಇದೆ ಅಂತ. ಅದು ಅವರಿಗೆ ಸೇರದಿದ್ದರೆ, 6(3)ನೇ ಕಲಂ ಪ್ರಕಾರ ಐದು ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಿ ನಮಗೂ ತಿಳಿಸಬೇಕು. ಸಾಮಾನ್ಯ ಅರ್ಜಿಗೆ ಆ ಬಲ ಇಲ್ಲ. ಟವರಿನ ಕಾಲದಲ್ಲಿ ಇದೊಂದು ಗೊತ್ತಿದ್ದರೆ ಎಂಟು ತಿಂಗಳು ಉಳಿಯುತ್ತಿತ್ತು.

ಅಜ್ಜಿಯ ಮೂರು ಕಾಗದಗಳಲ್ಲಿ ಮೊದಲನೆಯದು ಸ್ವಲ್ಪ ಮುಂದೆ ಹೋಗಿದೆ. ಸರ್ವೆಯವರು ಬಂದು ಅಳತೆ ಮಾಡಿದ್ದಾರೆ, ಕಡತಕ್ಕೆ ನಂಬರು ಬಿದ್ದಿದೆ. ಅಜ್ಜಿಗೆ ಓದಲು ಬರುವುದಿಲ್ಲ. ಆದರೂ ಆ ನಂಬರನ್ನು ಪ್ಲಾಸ್ಟಿಕ್ ಕವರಿನ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಬರೆಸಿಕೊಂಡಿದ್ದಾರೆ. ಯಾವ ಕಚೇರಿಗೆ ಹೋದರೂ ಬಾಯಿ ಬಿಡುವ ಮೊದಲು ಅದನ್ನೇ ಮುಂದೆ ಹಿಡಿಯುತ್ತಾರೆ.